ಚಿಂತೆಯನ್ನು ಯಾರ ಮೇಲೆ ಹಾಕುವುದು?

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತೇವೆ. ಸಂತೆಗಿಂತ ದೊಡ್ಡ ಗದ್ದಲದಲ್ಲಿ ಯೇಸು ನಿದ್ದೆ ಮಾಡಿದ ಒಂದು ಘಟನೆ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ಸಂಜೆಯ ಹೊತ್ತು, ಗಲಿಲಾಯ ಸಮುದ್ರ. ಸಮುದ್ರ ಅಂತ ಕರೆದರೂ ಅದು ಸಿಹಿನೀರಿನ ದೊಡ್ಡ ಸರೋವರ. ಸುತ್ತ ಗುಡ್ಡಗಳಿವೆ. ಗಾಳಿ ಇದ್ದಕ್ಕಿದ್ದಂತೆ ಕೆಳಗಿಳಿದು ನೀರನ್ನು ಕಲಕಿಬಿಡುತ್ತದೆ. ಅವತ್ತೂ ಹಾಗೇ ಆಯಿತು. ದೋಣಿಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ.

ಆ ದೋಣಿಯಲ್ಲಿದ್ದವರಲ್ಲಿ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಅದೇ ನೀರಿನಲ್ಲಿ ಮೀನು ಹಿಡಿದು ಬದುಕಿದವರು. ಯಾವ ಅಲೆಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಅಂತ ಅವರಿಗೆ ಗೊತ್ತು. ಅಂಥವರೇ ಹೆದರಿದರು ಅಂದರೆ ಅಪಾಯ ನಿಜವಾಗಿಯೂ ಇತ್ತು. ಮಾರ್ಕನು ಬರೆದಿರುವ ಪ್ರಕಾರ ಅವರು ಯೇಸುವನ್ನು ಎಬ್ಬಿಸಿ "ಕಾಪಾಡು" ಅನ್ನಲಿಲ್ಲ. "ಗುರುವೇ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ?" ಅಂದರು.

ಆತಂಕದ ಬುಡದಲ್ಲಿ ಕೂತಿರುವುದು ಈ ಪ್ರಶ್ನೆಯೇ ಅಂತ ನನಗೆ ಅನ್ನಿಸುತ್ತದೆ. ಮೇಲ್ನೋಟಕ್ಕೆ ನಮ್ಮ ಚಿಂತೆ ದುಡ್ಡಿನದು, ಮಗಳ ಮದುವೆಯದು, ರಿಪೋರ್ಟಿನದು, ಕೆಲಸದ್ದು. ಒಳಗೆ ಮಾತ್ರ ಒಂದೇ ಮಾತು: ನಾನು ಮುಳುಗುತ್ತಿರುವುದು ಯಾರಿಗಾದರೂ ಗೊತ್ತಾ? ಗೊತ್ತಿದ್ದರೂ ಅವರಿಗೆ ಏನಾದರೂ ಅನ್ನಿಸುತ್ತದಾ?

ಈ ಪ್ರಶ್ನೆಗೆ ಉತ್ತರ ಬಂದಿರುವುದು ಆ ದೋಣಿಯಲ್ಲಿದ್ದ ಪೇತ್ರನ ಹೆಸರಿನ ಪತ್ರದಲ್ಲಿ. "ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ" (1 ಪೇತ್ರ 5:7). ನಮ್ಮ ಮನೆಗಳ ಗೋಡೆ ಕ್ಯಾಲೆಂಡರ್‌ಗಳಲ್ಲಿ ಎಷ್ಟೋ ಸಲ ಕಂಡಿರುವ ವಾಕ್ಯ ಇದು. ಗ್ರೀಕ್ ಮೂಲದಲ್ಲಿ ದೋಣಿಯವರು ಕೇಳಿದ "ನಿನಗೆ ಚಿಂತೆಯಿಲ್ಲವಾ" ಅನ್ನುವುದಕ್ಕೂ, ಇಲ್ಲಿನ "ಆತನು ಚಿಂತಿಸುತ್ತಾನೆ" ಅನ್ನುವುದಕ್ಕೂ ಬಳಕೆಯಾಗಿರುವುದು ಒಂದೇ ಕ್ರಿಯಾಪದ: ಮೆಲೆಯ್. ಮಾರ್ಕನು ತನ್ನ ಸುವಾರ್ತೆಯನ್ನು ಪೇತ್ರನ ಬಾಯಿಂದ ಕೇಳಿ ಬರೆದ ಅನ್ನುವುದು ಸಭೆಯಲ್ಲಿ ಬಹಳ ಹಿಂದಿನಿಂದ ಬಂದ ಮಾತು. ಹಾಗಿದ್ದರೆ ಬಿರುಗಾಳಿಯಲ್ಲಿ ಆ ಪ್ರಶ್ನೆ ಕೇಳಿದವರಲ್ಲಿ ಒಬ್ಬನು, ವಯಸ್ಸಾದ ಮೇಲೆ ಬೇರೆ ಹೆದರಿದವರಿಗೆ ಉತ್ತರ ಬರೆದು ಕಳಿಸಿದ ಹಾಗಾಯಿತು. ಚಿಂತೆಯ ಬಗ್ಗೆ ಕ್ರೈಸ್ತ ನಂಬಿಕೆ ಹೇಳುವುದೆಲ್ಲ ಈ ಪ್ರಶ್ನೆ ಮತ್ತು ಈ ಉತ್ತರದ ನಡುವೆ ಇದೆ.

ಮೊದಲು ಚಿಂತೆ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಹಾವು ಎದುರಿಗೆ ಬಂದಾಗ ಆಗುವುದು ಭಯ. ಹಾವು ಬಂದರೆ ಏನು ಗತಿ ಅಂತ ಮನೆಯೊಳಗೆ ಕೂತು ನಡುಗುವುದು ಚಿಂತೆ. ನಮ್ಮ ಮೈಗೆ ಈ ಎರಡರ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡಕ್ಕೂ ಅಡ್ರಿನಲಿನ್ ಹರಿಯುತ್ತದೆ, ಎದೆ ಡವಡವ ಅನ್ನುತ್ತದೆ, ಉಸಿರು ಮೇಲೆ ಮೇಲೆ ಆಗುತ್ತದೆ, ಹೊಟ್ಟೆ ಕಿವುಚುತ್ತದೆ, ಕೈ ಬೆವರುತ್ತದೆ. ಹಾವು ಹೊರಟುಹೋದರೆ ಮೈ ಸಮಾಧಾನಕ್ಕೆ ಬರುತ್ತದೆ. ಬರದೇ ಇರುವ ಹಾವು ಹೊರಟುಹೋಗುವುದು ಹೇಗೆ? ಆದ್ದರಿಂದಲೇ ಚಿಂತೆ ರಾತ್ರಿ ಮೂರು ಗಂಟೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ.

ಹಾಗಂತ ಬೈಬಲ್ ಎಲ್ಲ ಚಿಂತೆಯನ್ನೂ ಒಂದೇ ಗಂಟಿಗೆ ಕಟ್ಟುವುದಿಲ್ಲ. ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಯಾವುದಕ್ಕೂ ಚಿಂತೆ ಮಾಡಬೇಡಿ ಅನ್ನುತ್ತಾನೆ. ಅದೇ ಪತ್ರದ 2ನೇ ಅಧ್ಯಾಯದಲ್ಲಿ ತನ್ನ ಜೊತೆಗಾರ ತಿಮೊಥೆಯನನ್ನು ಹೊಗಳುವಾಗ, ನಿಮ್ಮ ವಿಷಯದಲ್ಲಿ ಇವನಷ್ಟು ನಿಜವಾಗಿ ಚಿಂತಿಸುವವರು ನನ್ನ ಹತ್ತಿರ ಬೇರೆ ಯಾರೂ ಇಲ್ಲ ಅನ್ನುತ್ತಾನೆ. ಗ್ರೀಕಿನಲ್ಲಿ ಎರಡು ಕಡೆಯೂ ಒಂದೇ ಪದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ತಾನು ತಿಂದ ಏಟು, ಹಡಗು ಒಡೆದದ್ದು, ಹಸಿವು, ಚಳಿ ಎಲ್ಲ ಹೇಳಿಕೊಂಡು, ಇಷ್ಟೆಲ್ಲದರ ಮೇಲೆ ಎಲ್ಲಾ ಸಭೆಗಳ ಚಿಂತೆ ದಿನದಿನವೂ ನನ್ನ ಮೇಲಿದೆ ಅಂತ ಒಪ್ಪಿಕೊಳ್ಳುತ್ತಾನೆ. ಮಗುವಿಗೆ ಜ್ವರ ಬಂದಾಗ ನಿದ್ದೆಗೆಟ್ಟು ಕೂರುವ ತಾಯಿಯದು ಅಪನಂಬಿಕೆಯಲ್ಲ, ಅದು ಕಾಳಜಿ. ಕಾಳಜಿಗೆ ಕೈಕಾಲು ಇರುತ್ತದೆ. ಅದು ಎದ್ದು ಹೋಗಿ ಒದ್ದೆ ಬಟ್ಟೆ ತರುತ್ತದೆ, ಡಾಕ್ಟರಿಗೆ ಫೋನ್ ಮಾಡುತ್ತದೆ. ಯೇಸು ಬೇಡ ಅಂದ ಚಿಂತೆ ಬೇರೆ. ಅದು ಗಾಣದೆತ್ತಿನ ಹಾಗೆ ಸುತ್ತಿದ ಜಾಗದಲ್ಲೇ ಸುತ್ತುತ್ತದೆ, ಒಂದು ತೊಟ್ಟು ಎಣ್ಣೆಯೂ ಬರುವುದಿಲ್ಲ.

ಈಗ ಬೆಟ್ಟದ ಪ್ರಸಂಗಕ್ಕೆ ಬರೋಣ. ಮತ್ತಾಯನ ಸುವಾರ್ತೆ 6ನೇ ಅಧ್ಯಾಯ. "ಆಕಾಶದ ಹಕ್ಕಿಗಳನ್ನು ನೋಡಿ" ಅನ್ನುವ ಮಾತನ್ನು ನಾವು ತುಂಬ ಹಗುರವಾಗಿ ತೆಗೆದುಕೊಂಡುಬಿಟ್ಟಿದ್ದೇವೆ. ಅದನ್ನು ಮೊದಲು ಕೇಳಿಸಿಕೊಂಡವರು ಹೊಟ್ಟೆ ತುಂಬಿದವರಲ್ಲ. ಗಲಿಲಾಯದ ಹಳ್ಳಿಯ ಜನ, ಬೆಸ್ತರು, ದಿನಗೂಲಿಯವರು. ಯೇಸುವಿನ ಒಂದು ಸಾಮ್ಯದಲ್ಲಿ ಸಂಜೆ ಐದಾದರೂ "ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ" ಅಂತ ಪೇಟೆಯಲ್ಲಿ ನಿಂತಿರುವವರು ಬರುತ್ತಾರಲ್ಲ, ಅಂಥವರು. "ಏನು ಉಣ್ಣಬೇಕು, ಏನು ಉಡಬೇಕು" ಅನ್ನುವುದು ಅವರಿಗೆ ಮಾತಿನ ಅಲಂಕಾರ ಆಗಿರಲಿಲ್ಲ.

ಆ ಭಾಗ ಶುರುವಾಗುವುದೇ "ಆದಕಾರಣ" ಅನ್ನುವ ಅರ್ಥದ ಮಾತಿನಿಂದ. ಯಾವ ಕಾರಣ? ಅದರ ಹಿಂದಿನ ವಚನ ನೋಡಬೇಕು: ಒಬ್ಬ ಆಳು ಇಬ್ಬರು ಯಜಮಾನರಿಗೆ ದುಡಿಯಲಾರ, ದೇವರಿಗೂ ಧನಕ್ಕೂ ಒಟ್ಟಿಗೆ ಸೇವೆ ಮಾಡಲಾರಿರಿ. ಆದಕಾರಣ ಚಿಂತಿಸಬೇಡಿ. ಅಂದರೆ ಯೇಸು ಇಲ್ಲಿ ಮನಸ್ಸು ಹಗುರ ಮಾಡಿಕೊಳ್ಳುವ ಉಪಾಯ ಹೇಳುತ್ತಿಲ್ಲ. ನೀನು ಯಾರ ಮನೆಯವನು ಅಂತ ಕೇಳುತ್ತಿದ್ದಾನೆ. ದುಡ್ಡು ಯಜಮಾನನಾದರೆ ಅದು ಯಾವತ್ತೂ ನಮ್ಮನ್ನು ನೋಡಿಕೊಳ್ಳುವುದಿಲ್ಲ, ನಾವೇ ಅದನ್ನು ನೋಡಿಕೊಳ್ಳಬೇಕು. ತಂದೆ ಹಾಗಲ್ಲ. ಇವೆಲ್ಲ ನಿಮಗೆ ಬೇಕು ಅಂತ ನಿಮ್ಮ ತಂದೆಗೆ ಗೊತ್ತಿದೆ ಅನ್ನುವುದೇ ಆ ಇಡೀ ಭಾಗದ ಕಂಬ.

ಹಕ್ಕಿ ಬಿತ್ತುವುದಿಲ್ಲ, ಕೊಯ್ಯುವುದಿಲ್ಲ ನಿಜ. ಹಾಗಂತ ಸುಮ್ನೆ ಕೂತಿರುವ ಹಕ್ಕಿಯನ್ನು ಯಾರಾದರೂ ಕಂಡಿದ್ದೀರಾ? ಬೆಳಕು ಹರಿಯುವ ಮೊದಲೇ ಕಾಳು ಹುಡುಕಿಕೊಂಡು ಹೊರಡುತ್ತದೆ. ಅದು ದುಡಿಯುತ್ತದೆ, ಕೊರಗುವುದಿಲ್ಲ. "ಹಾಗಾದರೆ ಎಲ್‌ಐಸಿ ಕಟ್ಟಬಾರದಾ, ಚೀಟಿ ಹಾಕಬಾರದಾ?" ಅಂತ ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದೇ ಬೈಬಲ್ಲಿನಲ್ಲಿ ಯೋಸೇಫನು ಏಳು ವರ್ಷ ಐಗುಪ್ತದ ಕಣಜಗಳಲ್ಲಿ ಧಾನ್ಯ ತುಂಬಿಸಿಟ್ಟು ಬರಗಾಲದಲ್ಲಿ ಜನರನ್ನು ಉಳಿಸಿದ. ಜ್ಞಾನೋಕ್ತಿಗಳು ಇರುವೆಯ ಹತ್ತಿರ ಹೋಗಿ ಕಲಿ ಅನ್ನುತ್ತದೆ. ನಾಳೆಗೆ ಸಿದ್ಧವಾಗುವುದು ಬೇರೆ, ನಾಳೆಯನ್ನು ಇವತ್ತೇ ಬದುಕಲು ಹೋಗುವುದು ಬೇರೆ. ಕಟ್ಟಬೇಕಾದ ಕಂತು ಕಟ್ಟಿ ಆದ ಮೇಲೂ ಮನಸ್ಸು ಲೆಕ್ಕ ಹಾಕುತ್ತಲೇ ಇದ್ದರೆ, ಅಲ್ಲಿಂದ ಆಚೆಗೆ ಚಿಂತೆ ಶುರುವಾಗಿದೆ ಅಂತ ಅರ್ಥ.

ನನಗೆ ತುಂಬ ಹಿಡಿಸುವುದು ಆ ಅಧ್ಯಾಯದ ಕೊನೆಯ ಮಾತು. ನಾಳೆ ಎಲ್ಲ ಸರಿಹೋಗುತ್ತದೆ ಅಂತ ಯೇಸು ಹೇಳಲಿಲ್ಲ. "ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು" ಅಂದ. ಪಾಡು ಇರುತ್ತದೆ ಅಂತ ಒಪ್ಪಿಕೊಂಡೇ ಮಾತಾಡಿದ. ಇವತ್ತಿನ ಪಾಡಿಗೆ ಇವತ್ತಿನ ಬಲ ಇದೆ, ನಾಳೆಯ ಪಾಡಿಗೆ ಇವತ್ತು ಬಲ ಕೊಟ್ಟಿಲ್ಲ.

ಈ ಮಾತಿನ ಹಿಂದೆ ಒಂದು ಹಳೆಯ ನೆನಪಿದೆ. ಇಸ್ರಾಯೇಲ್ಯರು ಮರುಭೂಮಿಯಲ್ಲಿ 40 ವರ್ಷ ಮನ್ನ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ, ತಿಂದರು. ಒಬ್ಬೊಬ್ಬರಿಗೆ ಆ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು. ನಾಳೆ ಸಿಗದಿದ್ದರೆ ಅಂತ ಹೆದರಿ ಎತ್ತಿಟ್ಟವರ ಮನ್ನಕ್ಕೆ ಬೆಳಗಾಗುವಷ್ಟರಲ್ಲಿ ಹುಳ ಬಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದಿತ್ತು, ಅದು ಕೆಡಲಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಇವತ್ತಿನ ಆಹಾರವನ್ನೇ.

ಇಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಅಮ್ಮನ ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿದ್ದ ವಾರ. ಊಟ ಸೇರುತ್ತಿರಲಿಲ್ಲ, ಫೋನ್ ಬಡಿದರೆ ಮೈ ನಡುಗುತ್ತಿತ್ತು. ಪ್ರಾರ್ಥನೆ ಕೂಟದಲ್ಲಿ ಬೇಡಿಕೆ ಕೊಟ್ಟೆ. ಒಬ್ಬರು ಹತ್ತಿರ ಬಂದು, ಒಳ್ಳೆಯ ಮನಸ್ಸಿನಿಂದಲೇ, "ಚಿಂತೆ ಮಾಡೋದು ವಿಶ್ವಾಸ ಇಲ್ಲದವರ ಲಕ್ಷಣ ಅಲ್ವಾ?" ಅಂದರು. ಆ ರಾತ್ರಿ ನನಗೆ ಎರಡು ಚಿಂತೆಯಾಯಿತು. ಅಮ್ಮನದೊಂದು, ನನ್ನ ವಿಶ್ವಾಸದ್ದೊಂದು. ಚಿಂತೆ ಮಾಡುತ್ತಿದ್ದೇನಲ್ಲ ಅನ್ನುವ ಚಿಂತೆ ಮೊದಲಿನದಕ್ಕಿಂತ ಭಾರವಾಗಿತ್ತು. ರಿಪೋರ್ಟಿನಲ್ಲಿ ಏನು ಬಂತು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಒಳ್ಳೆಯದು ಬಂದರೆ ಮಾತ್ರ ಪ್ರಾರ್ಥನೆ ಗೆದ್ದಿತು ಅಂತ ಯಾರಿಗೂ ಅನ್ನಿಸಬಾರದು.

ಆಗ ನನ್ನನ್ನು ಎತ್ತಿದ್ದು ನಮ್ಮ ಚಿಕ್ಕಮ್ಮ. ಅವರು ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕೂತು 13ನೇ ಕೀರ್ತನೆ ಓದಿದರು. "ಯೆಹೋವನೇ, ಇನ್ನೂ ಎಲ್ಲಿಯವರೆಗೆ?" ಅನ್ನುವ ಪ್ರಶ್ನೆ ಅದರ ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. ಹೀಗೆ ದೇವರನ್ನೇ ಕೇಳಬಹುದಾ ಅಂತ ನನಗೆ ಆಶ್ಚರ್ಯವಾಯಿತು. ಕೇಳಬಹುದು. ಕೀರ್ತನೆಗಳಲ್ಲಿ ಹೀಗೆ ಗೋಳಾಡುವವು ಬಹಳ ಇವೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ದೇವರ ಜನರು ತಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಸಿಕೊಂಡರು. 56ನೇ ಕೀರ್ತನೆ ನಾನು ಹೆದರುವುದೇ ಇಲ್ಲ ಅಂತ ಶುರು ಮಾಡುವುದಿಲ್ಲ. ಹೆದರಿಕೆ ಬಂದಾಗ ನಿನ್ನನ್ನು ನಂಬುತ್ತೇನೆ ಅನ್ನುತ್ತದೆ. ಹೆದರಿಕೆ ಮತ್ತು ನಂಬಿಕೆ ಒಂದೇ ವಾಕ್ಯದಲ್ಲಿ ಜೊತೆಗೆ ಕೂತಿವೆ.

ಇನ್ನೂ ಒಂದು ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಕಂಗೆಟ್ಟ. ಪ್ರಾಣ ಹೋಗುವಷ್ಟು ದುಃಖವಾಗಿದೆ ಅಂತ ಶಿಷ್ಯರ ಹತ್ತಿರ ಬಾಯಿಬಿಟ್ಟು ಹೇಳಿದ. ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡ. ಈ ಪಾತ್ರೆ, ಅಂದರೆ ಬರಲಿರುವ ಈ ಸಂಕಟ, ನನ್ನಿಂದ ತೊಲಗಲಿ ಅಂತ ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಬೇಡಿದ. ಬೆವರು ರಕ್ತದ ಹನಿಗಳ ಹಾಗೆ ಬಿತ್ತು ಅಂತ ಲೂಕನ ಸುವಾರ್ತೆಯಲ್ಲಿದೆ. ದೋಣಿಯಲ್ಲಿ ನಿದ್ದೆ ಮಾಡಿದಾತನಿಗೆ ಆ ರಾತ್ರಿ ನಿದ್ದೆಯಿಲ್ಲ, ನಿದ್ದೆ ಹೋದವರು ಶಿಷ್ಯರು. ಮೈ ನಡುಗುವುದೇ ಪಾಪ ಅನ್ನುವವರು ಈ ತೋಟಕ್ಕೆ ಒಮ್ಮೆ ಹೋಗಿ ಬರಬೇಕು.

ಸರಿ, ಚಿಂತೆಯನ್ನು ಆತನ ಮೇಲೆ "ಹಾಕುವುದು" ಅಂದರೆ ಏನು ಮಾಡುವುದು? ಪೇತ್ರನು ಬಳಸಿದ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಯೇಸು ಯೆರೂಸಲೇಮಿಗೆ ಬರುವಾಗ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನಿನ ಮೇಲೆ ಹಾಕಿದರಲ್ಲ, ಅಲ್ಲಿ. ಹೆಗಲ ಮೇಲಿದ್ದದ್ದನ್ನು ತೆಗೆದು ಇನ್ನೊಂದು ಬೆನ್ನಿನ ಮೇಲೆ ಹಾಕುವುದು. ಬಟ್ಟೆ ಮಾಯವಾಗಲಿಲ್ಲ, ಹೊರುವವರು ಬದಲಾದರು. ಚಿಂತೆಯ ವಿಷಯವೂ ಹಾಗೇ. ಸಾಲ ಇದ್ದೇ ಇದೆ, ಕಾಯಿಲೆ ಇದ್ದೇ ಇದೆ. ಅದಕ್ಕೆ ಕೊನೆಗೆ ಜವಾಬ್ದಾರ ಯಾರು ಅನ್ನುವುದು ಬದಲಾಗುತ್ತದೆ.

ಆ ವಾಕ್ಯ ಒಂಟಿಯಾಗಿಯೂ ನಿಂತಿಲ್ಲ. ಅದರ ಹಿಂದಿನ ವಚನ, ದೇವರ ಬಲವಾದ ಕೈಯ ಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿ ಅನ್ನುತ್ತದೆ. ಗ್ರೀಕಿನಲ್ಲಿ ಎರಡೂ ಒಂದೇ ವಾಕ್ಯ. ಚಿಂತೆಯನ್ನು ಹಾಕಿಬಿಡುವುದೇ ತಗ್ಗಿಸಿಕೊಳ್ಳುವ ಬಗೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ನಾನು ಚಿಂತಿಸದಿದ್ದರೆ ಮನೆ ನಡೆಯುವುದಿಲ್ಲ, ಮಕ್ಕಳು ದಾರಿ ತಪ್ಪುತ್ತಾರೆ ಅಂತ ಒಳಗೊಳಗೇ ನಂಬಿದ್ದೆ. ಚಿಂತೆ ಮಾಡಿ ಮಾಡಿ ಒಂದು ಮೊಳ ಉದ್ದ ಬೆಳೆದವರು ಯಾರು ಅಂತ ಯೇಸು ಕೇಳಿದ್ದು ನನ್ನಂಥವರನ್ನೇ.

ಹಾಕುವ ರೀತಿಗೆ ಯೆಹೂದದ ಅರಸನಾದ ಹಿಜ್ಕೀಯ ಒಂದು ದಾರಿ ತೋರಿಸಿದ್ದಾನೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದ. 46 ಕೋಟೆಯ ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಅಂತ ಅವನದೇ ಶಾಸನ ಹೇಳಿಕೊಳ್ಳುತ್ತದೆ. ಅಂಥವನಿಂದ ಬೆದರಿಕೆಯ ಪತ್ರ ಬಂತು. ಹಿಜ್ಕೀಯ ಅದನ್ನು ಓದಿದ, ದೇವಾಲಯಕ್ಕೆ ತೆಗೆದುಕೊಂಡು ಹೋದ, ದೇವರ ಮುಂದೆ ಬಿಡಿಸಿ ಹರಡಿದ. ಆಮೇಲೆ ಪ್ರಾರ್ಥಿಸಿದ. ನಾನೂ ಇದನ್ನೇ ಮಾಡುತ್ತೇನೆ. ಬ್ಯಾಂಕಿನ ನೋಟೀಸಾಗಲಿ, ಆಸ್ಪತ್ರೆಯ ಬಿಲ್ಲಾಗಲಿ, ಕಾಗದವನ್ನೇ ಮೇಜಿನ ಮೇಲೆ ಹರಡಿ, "ಕರ್ತನೇ, ಇಲ್ಲಿದೆ ನೋಡು" ಅನ್ನುತ್ತೇನೆ. ಕಾಗದ ಇಲ್ಲದ ಚಿಂತೆಯಾದರೆ ಒಂದು ಚೀಟಿಯಲ್ಲಿ ಬರೆಯುತ್ತೇನೆ. ತಲೆಯೊಳಗೆ ಹೊಗೆಯ ಹಾಗೆ ತುಂಬಿದ್ದದ್ದು ಬರೆದಾಗ ಎರಡೋ ಮೂರೋ ಸಾಲು ಆಗುತ್ತದೆ. ಅದರಲ್ಲಿ ಇವತ್ತು ನಾನು ಮಾಡಬಹುದಾದ ಒಂದು ಕೆಲಸ ಇದ್ದರೆ ಮಾಡುತ್ತೇನೆ. ಉಳಿದದ್ದು ಆತನದು.

ಪೌಲನು ಇದಕ್ಕೆ ಕೃತಜ್ಞತೆಯನ್ನು ಸೇರಿಸುತ್ತಾನೆ. ಬೇಕಾದದ್ದನ್ನು ಕೇಳಿ, ಸ್ತೋತ್ರ ಮಾಡುತ್ತಾ ಕೇಳಿ. ಆಗ ಗ್ರಹಿಕೆಗೆ ಮೀರಿದ ದೇವಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ. ಕೇಳಿದ್ದೆಲ್ಲ ಸಿಗುತ್ತದೆ ಅಂತ ಅಲ್ಲಿಲ್ಲ, ಗಮನಿಸಿ. "ಕಾಯುತ್ತದೆ" ಅನ್ನುವುದಕ್ಕೆ ಅವನು ಬಳಸಿದ್ದು ಸಿಪಾಯಿಗಳು ಕಾವಲು ನಿಲ್ಲುವ ಮಾತು. ಫಿಲಿಪ್ಪಿ ರೋಮಿನ ವಸಾಹತು, ಅಲ್ಲಿಯವರಿಗೆ ಸಿಪಾಯಿ ಹೊಸಬನಲ್ಲ. ಬರೆದವನೂ ಸೆರೆಯಲ್ಲಿದ್ದ, ಅವನಿಗೂ ಕಾವಲಿತ್ತು. ಅವನು ಹುಟ್ಟಾ ಧೈರ್ಯವಂತ ಅಂದುಕೊಳ್ಳಬೇಡಿ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು "ಕಲಿತುಕೊಂಡಿದ್ದೇನೆ" ಅಂತ ಅವನೇ ಬರೆದಿದ್ದಾನೆ. ಕಲಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಜೊತೆಗೆ ಜನರೂ ಬೇಕು. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದ್ದರು, ನನ್ನ ಕಷ್ಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತು ಅಂತ ಪೌಲ ನೆನೆಯುತ್ತಾನೆ.

ಇನ್ನು ಔಷಧಿಯ ಮಾತು. ಇದನ್ನು ಬಿಟ್ಟರೆ ಈ ಲೇಖನ ಅರ್ಧವೇ ಆಗುತ್ತದೆ. ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪ, ನನ್ನ ಪ್ರಾಣ ತೆಗೆದುಬಿಡು ಅಂದ. ಅದರ ಹಿಂದಿನ ಅಧ್ಯಾಯದಲ್ಲೇ ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡವನು ಅವನು. ದೇವರು ಅವನನ್ನು ಬೈಯಲಿಲ್ಲ, ಪ್ರಸಂಗವನ್ನೂ ಮಾಡಲಿಲ್ಲ. ದೂತನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿ ತಿನ್ನಿಸಿದ. ದೇವರ ಮೆಲ್ಲನೆಯ ಸ್ವರ ಕೇಳಿಸಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ನಿದ್ದೆ, ಊಟ.

ಆತಂಕ ಕಾಯಿಲೆಯಾಗಿಯೂ ಬರುತ್ತದೆ. ತಡೆಯಲಾಗದ ಚಿಂತೆ ಆರು ತಿಂಗಳಿಗಿಂತ ಜಾಸ್ತಿ, ಹೆಚ್ಚು ಕಡಿಮೆ ದಿನಾಲೂ ಕಾಡುತ್ತಾ, ನಿದ್ದೆ, ಕೆಲಸ, ಮನೆ ಎಲ್ಲವನ್ನೂ ಕೆಡಿಸುತ್ತಿದ್ದರೆ ವೈದ್ಯರು ಅದನ್ನು ರೋಗವಾಗಿಯೇ ನೋಡುತ್ತಾರೆ. ಆದರೆ ತೋರಿಸಿಕೊಳ್ಳಲು ಆರು ತಿಂಗಳು ಕಾಯಬೇಕಿಲ್ಲ. ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಎದೆ ಹಿಡಿದು, ಸತ್ತೇಹೋದೆ ಅನ್ನಿಸುವ ಪ್ಯಾನಿಕ್ ಬರುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ತುದಿಗೇರಿ ಇಳಿಯುತ್ತದೆ. ಮೊದಲ ಸಲ ಎದೆನೋವು ಬಂದರೆ ಹೃದಯದ ತೊಂದರೆ ಅಲ್ಲ ಅಂತ ತೋರಿಸಿಕೊಳ್ಳಲೇಬೇಕು. ಇವಕ್ಕೆ ಆಪ್ತಸಮಾಲೋಚನೆ ಇದೆ, ಮಾತ್ರೆ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವಾಗ ನಾವು ವಿಶ್ವಾಸದ ಲೆಕ್ಕ ಕೇಳುವುದಿಲ್ಲ, ಇದಕ್ಕೆ ಮಾತ್ರ ಯಾಕೆ ಕೇಳಬೇಕು? ಪೌಲನ ಜೊತೆಗಿದ್ದ ಲೂಕ ವೈದ್ಯ. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಒಬ್ಬ ಯೇಸುಸಭೆಯ ಗುರುವಿನಿಂದ ಶುರುವಾದದ್ದು. ಔಷಧಿ ಕೊಡುವುದನ್ನು ಸೇವೆ ಅಂತ ನಂಬಿದ ಜನ ನಾವು, ತೆಗೆದುಕೊಳ್ಳುವುದನ್ನು ಸೋಲು ಅನ್ನಬಾರದು. ಬೆಂಗಳೂರಿನ ನಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮನಸ್ ಸೇವೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಪ್ರಾರ್ಥನೆ ಕೂಟದ ದಿನಕ್ಕೆ ಕಾಯದೆ ಆಗಲೇ ಯಾರಿಗಾದರೂ ಹೇಳಿ.

ದೊಡ್ಡ ವಿಶ್ವಾಸಿಗಳಿಗೆ ಇದೆಲ್ಲ ಬರಲಿಲ್ಲ ಅಂದುಕೊಂಡಿದ್ದರೆ ಲಂಡನ್ನಿನ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಅವರನ್ನು ನೆನೆಯಿರಿ. 1856ರ ಅಕ್ಟೋಬರ್ 19ರಂದು ಅವರು ಕಿಕ್ಕಿರಿದ ಸಭಾಂಗಣದಲ್ಲಿ ಬೋಧಿಸುತ್ತಿದ್ದಾಗ ಯಾರೋ ಬೆಂಕಿ ಅಂತ ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಅವರಿಗಾಗ 22 ವರ್ಷ. ಆಮೇಲೆ ಮನಸ್ಸಿಗೆ ಕವಿದ ಕತ್ತಲೆ ಜೀವನವಿಡೀ ಬಂದು ಹೋಗುತ್ತಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ, ವೇದಿಕೆಯ ಮೇಲೂ ಹೇಳಿಕೊಂಡರು. ಹಾಗೆ ಹೇಳಿಕೊಂಡದ್ದರಿಂದಲೇ ಎಷ್ಟೋ ಜನರಿಗೆ ಅವರ ಮಾತು ಹತ್ತಿರವಾಯಿತು ಅಂತ ನನಗನ್ನಿಸುತ್ತದೆ.

ಉಳಿದದ್ದು ರಾತ್ರಿ. ಚಿಂತೆಗೆ ರಾತ್ರಿಯೇ ಇಷ್ಟ. ಸಭೆಯ ಹಳೆಯ ರಾತ್ರಿಯ ಪ್ರಾರ್ಥನೆಯಲ್ಲಿ 31ನೇ ಕೀರ್ತನೆಯ ಒಂದು ಸಾಲು ಇದೆ: ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಲೂಕನು ಬರೆದ ಪ್ರಕಾರ ಯೇಸು ಶಿಲುಬೆಯ ಮೇಲೆ ಆಡಿದ ಕೊನೆಯ ಮಾತೂ ಇದೇ. ನಾನು ದೀಪ ಆರಿಸಿದ ಮೇಲೆ ನಿಧಾನವಾಗಿ ಉಸಿರು ಬಿಡುತ್ತಾ ಇದನ್ನು ಹೇಳುತ್ತೇನೆ. ಉದ್ದವಾಗಿ ಉಸಿರು ಬಿಟ್ಟರೆ ಮೈಯೂ ಇಳಿಯುತ್ತದೆ. ಆಮೇಲೆ ಒಬ್ಬೊಬ್ಬರ ಹೆಸರು: ಅಮ್ಮ, ಮಗ, ಮಗಳು, ಆಸ್ಪತ್ರೆಯಲ್ಲಿರುವ ಪಕ್ಕದ ಮನೆಯವರು. ಒಂದೊಂದು ಹೆಸರಿಗೂ ಅದೇ ಮಾತು, ನಿನ್ನ ಕೈಗೆ ಒಪ್ಪಿಸುತ್ತೇನೆ. ಕೆಲವು ರಾತ್ರಿ ಹೆಸರು ಮುಗಿಯುವ ಮೊದಲೇ ನಿದ್ದೆ ಬರುತ್ತದೆ. ಕೆಲವು ರಾತ್ರಿ ಬರುವುದಿಲ್ಲ. ಆಗ ಅಮ್ಮನ ಹೆಸರಿನಿಂದ ಮತ್ತೆ ಶುರು ಮಾಡುತ್ತೇನೆ.